ಈ ಹಾಡಿನಲ್ಲಿ ನಾನಿಲ್ಲ

ಮೊದಲೇ ಹೇಳಿಬಿಡುತ್ತೇನೆ: ಈ ಹಾಡಿನಲ್ಲಿ
ಬಾಸ್ ನುಡಿಸಿದ್ದು ನಾನಲ್ಲ.
ಹದಿನಾಲ್ಕು ವರ್ಷದ ಬ್ಯಾಂಡು, ಐದು ಆಲ್ಬಮ್ಮು,
ತಂತಿಯ ಮೇಲೆ ಸವೆದ ಈ ಬೆರಳು,
ಎಲ್ಲವನ್ನೂ ಒಂದು ಮಂಗಳವಾರ
ತುಮೆನ್ ಬದಿಗಿಟ್ಟ, ಉಂಡ ತಟ್ಟೆ ಸರಿಸಿದಷ್ಟು ಮೆತ್ತಗೆ:
“ಇದೊಂದಕ್ಕೆ ಮರದ ಬಾಸ್ ಬೇಕು ಕಣೋ, ಆಳೆತ್ತರದ್ದು.
ನಾರ್ವೆಯಿಂದ ಬರ್ತಾಳೆ.”

ಬಂದಳು ಸುನ್ನಿವಾ.
ವಿಮಾನದಲ್ಲಿ ಅವಳಿಗೊಂದು ಸೀಟು, ಬಾಸಿಗೊಂದು.
ಅಡಿಸ್ ಅಬಾಬಾದಿಂದ ಮೆಸ್ಫಿನ್ ಬಂದ,
ತುತ್ತೂರಿಯನ್ನು ಕೋಟಿನೊಳಗೆ ಅವುಚಿಕೊಂಡು
ಜ್ವರದ ಮಗುವಿಗೆ ಆಸ್ಪತ್ರೆ ಹುಡುಕುವವನ ಹಾಗೆ.
ಉಲಾನ್‌ಬಾತರಿನಲ್ಲಿ ಆವತ್ತು ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಕಲ್ಲಿದ್ದಲ ಹೊಗೆ ಬೀದಿದೀಪಗಳಿಗೆ ಮಫ್ಲರು ಸುತ್ತಿತ್ತು.
“ಕುದುರೆಗಳೆಲ್ಲಿ?” ಎಂದು ಕೇಳಲಿಲ್ಲ ಅವನು.
“ಟೀ ಎಲ್ಲಿ?” ಎಂದ.
ಅಲ್ಲಿಗೇ ನನಗೆ ಹಿಡಿಸಿಬಿಟ್ಟ, ಹಾಳಾದವನು.
ಉಪ್ಪು ಹಾಕಿ ಕೊಟ್ಟೆ. ಇನ್ನೊಂದು ಲೋಟ ಕೇಳಿದ.

ಸ್ಟುಡಿಯೋ ಎಂದರೆ ಹಳೆಯ ಕಂಬಳಿ ಕಾರ್ಖಾನೆಯ ಮೂರನೇ ಮಹಡಿ.
ಗೋಡೆಗೆ ಉಣ್ಣೆ, ನೆಲಕ್ಕೆ ಉಣ್ಣೆ,
ಮೂಲೆಯಲ್ಲಿ ರಷ್ಯನ್ನರ ಕಾಲದ ರೇಡಿಯೇಟರು.
ಹಗಲು ನನ್ನ ಕೆಲಸ ನಗರದ ಬಿಸಿನೀರ ಕೊಳವೆಗಳಲ್ಲಿ;
ಯಾವ ವಾಲ್ವು ಎಲ್ಲಿ ಅಳುತ್ತದೆ, ಗೊತ್ತು.
ಇದು ಅಳುವುದಿಲ್ಲ. ಬಡಿಯುತ್ತದೆ.
ಠಣ್.
ಆಮೇಲೆ ಮರೆತಂತೆ ಸುಮ್ಮನಿದ್ದು
ಠಣ್ ಠಣ್.

ಚುಲೂನ್ ಡ್ರಮ್ಮಿನ ಹಿಂದೆ ಬೆವರುತ್ತಿದ್ದ.
ನಾಲ್ಕೆಣಿಸಿ ನಾಲ್ಕಕ್ಕೇ ಹೊಡೆದು ಬೆಳೆದ ಕೈ;
ಅವರಿಬ್ಬರೋ ನಾಲ್ಕಕ್ಕೆ ಬರುವುದೇ ಇಲ್ಲ,
ತಡವಾಗಿ ಬರುತ್ತಾರೆ, ಇಲ್ಲವೇ ಮೊದಲೇ ಬಂದು ಕೂತಿರುತ್ತಾರೆ,
ಮದುವೆಮನೆಯ ಸೋದರಮಾವಂದಿರ ಹಾಗೆ.
“ಎಣಿಸಬೇಡ,” ಎಂದಳು ಸುನ್ನಿವಾ, “ನಡಿ.”
“ಎಣಿಸದೆ ನಡೆದರೆ ಬಿದ್ದೆ.”
“ಬೀಳು.”
ಬಿದ್ದ. ಹನ್ನೊಂದು ಸಲ.
ನಾನು ಮೆಟ್ಟಿಲ ಮೇಲೆ ಕೂತು ಲೆಕ್ಕವಿಟ್ಟೆ.
ಸಂತೋಷಪಟ್ಟೆ ಎಂದೂ ಬರೆದುಬಿಡುತ್ತೇನೆ.

ಹನ್ನೆರಡನೆಯದು ಬೇರೆ.
ಬಾಗಿಲ ಸಂದಿಯಿಂದ ಮೊದಲು ಬಂದದ್ದು ಅವಳ ಬಾಸು.
ನನ್ನದು ಕರೆಂಟಿನ ಬಾಯಲ್ಲಿ ಮಾತಾಡುತ್ತದೆ,
ಇದು ಮರದ ಹೊಟ್ಟೆಯಲ್ಲಿ ಯೋಚಿಸುತ್ತಿತ್ತು.
ನಾನು ಹದಿನಾಲ್ಕು ವರ್ಷ ತುಂಬಿದ್ದ ಜಾಗಗಳನ್ನೆಲ್ಲ
ಅವಳು ಖಾಲಿ ಬಿಟ್ಟಿದ್ದಳು.
ಆ ಖಾಲಿಯಲ್ಲಿ ತುಮೆನ್‌ನ ದನಿ
ಮೊದಲ ಸಲ ಅರಚದೆ ನಿಂತಿತ್ತು.
ಹೊಟ್ಟೆ ಉರಿಯಿತು. ಆ ಚಳಿಯಲ್ಲಿ ಅದೂ ಒಂದು ಉಪಕಾರ.

ಇನ್ನೇನು ತುತ್ತೂರಿ ಏಳಬೇಕು, ಠಣ್.

ಓದ್ಗೆರೆಲ್ ಹೆಡ್‌ಫೋನು ಕಿತ್ತೆಸೆದಳು.
“ನಿಲ್ಲಿಸೋ ಅದನ್ನ, ನಿನ್ನ ಇಲಾಖೆಯದಲ್ಲವಾ!”
ನಿಲ್ಲಿಸಿದೆ. ಸ್ಪ್ಯಾನರು ಯಾವಾಗಲೂ ಚೀಲದಲ್ಲಿರುತ್ತದೆ.
ಇಪ್ಪತ್ತು ನಿಮಿಷಕ್ಕೆ ಕೋಣೆ ಗೋರಿ.
ಹಿತ್ತಾಳೆಗೆ ಚಳಿ ಹೊಕ್ಕು ಸ್ವರ ಇಳಿಯಿತು,
ಸುನ್ನಿವಾ ಬೆರಳಿಗೆ ಉಸಿರು ಊದಿಕೊಂಡಳು,
ಬಾಸಿನ ಮರ ಎಲ್ಲೋ ಚಿಟ್ಟೆಂದಿತು.
ಬೆಚ್ಚಗಿದ್ದರೆ ಬಡಿತ, ಬಡಿತ ಬೇಡವೆಂದರೆ ಅಪಸ್ವರ.
ಎಲ್ಲರೂ ನನ್ನ ಕಡೆ ನೋಡಿದರು,
ವಾಲ್ವಿನವನ ಕಡೆ.

ಮತ್ತೆ ತಿರುಗಿಸಿದೆ. ನೀರು ಗುಳುಗುಳು ಏರಿತು.
ಮೆಸ್ಫಿನ್ ತುತ್ತೂರಿಯ ಬಾಯನ್ನು ರೇಡಿಯೇಟರಿನತ್ತ ತಿರುಗಿಸಿ
ಕಾದ.
ಠಣ್ ಎಂದಿತು. ಅದರ ಸ್ವರವನ್ನೇ ಹಿಡಿದು ಎಳೆದ,
ಆ ಕಾರ್ಖಾನೆಯಲ್ಲಿ ಯಾರೋ ನೇಯದೆ ಬಿಟ್ಟ ಒಂದೆಳೆ.
ಠಣ್ ಠಣ್ ಎಂದಿತು. ಚುಲೂನ್ ಬಿದ್ದ,
ಈ ಸಲ ಕಾಲ ಮೇಲೆಯೇ ಬಿದ್ದ.
ನನ್ನ ಕೈ ವಾಲ್ವಿನ ಮೇಲಿತ್ತು.
ಅರ್ಧ ಸುತ್ತು ಬಿಗಿದರೆ ಬಡಿತ ತಡ,
ಕಾಲು ಸುತ್ತು ಬಿಟ್ಟರೆ ಬೇಗ.
ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡು
ಯಾರೂ ಕೆಮ್ಮಲಿಲ್ಲ.

ಮಾರ್ಚಿನಲ್ಲಿ ಹಾಡು ಹೊರಬಂತು.
ರಾಕ್‌ನವರು ಇದೇನು ಮುದುಕರ ಹಾಡು ಎಂದರು.
ಜಾಝ್‌ನವರು, ನನಗೆ ಗೊತ್ತಿದ್ದಂತೆ ಒಂಬತ್ತು ಜನ,
ಗಿಟಾರು ಜಾಸ್ತಿಯಾಯಿತು ಎಂದರು.
ಕವಚದ ಮೇಲೆ ಎಲ್ಲರ ಹೆಸರು, ಊರು, ವಾದ್ಯ.
ನಿನ್ನದರ ಮುಂದೆ ಏನು ಹಾಕಲಿ ಎಂದು ತುಮೆನ್ ಕೇಳಿದ್ದ.
“ಟೀ,” ಎಂದಿದ್ದೆ.
ಹಾಗೇ ಅಚ್ಚಾಗಿದೆ.

ಮೊನ್ನೆ ಒಬ್ಬ ಅಜ್ಜಿಯ ಮನೆಯಲ್ಲಿ
ಕೊಳವೆಯ ಕೆಳಗೆ ಅಂಗಾತ ಮಲಗಿದ್ದೆ.
ಅಡುಗೆಮನೆಯ ರೇಡಿಯೋದಲ್ಲಿ ಅದೇ ಹಾಡು.
ಈರುಳ್ಳಿ ಹೆಚ್ಚುವ ಚಾಕು ನಿಂತಿತು.
“ಕೇಳಿದೆಯೇನಪ್ಪಾ, ಪಾಪ, ಅವರ ಮನೆಯಲ್ಲೂ ಬಡೀತಿದೆ.
ಇಲ್ಲಿಂದ ಅಲ್ಲಿಗೆ ಹೋಗು.”