ಅರ್ಧ ಸುತ್ತು

ಮಸ್ಸಾವಾದಿಂದ ಬೆಟ್ಟ ಹತ್ತಿ ಬಂದ ಫಿಯಟ್ಟು
ಅಸ್ಮಾರಾ ಮುಟ್ಟುವಷ್ಟರಲ್ಲಿ ಕರಿ ಹೊಗೆ ಕಾರುತ್ತ
ನಮ್ಮ ಶೆಡ್ಡಿನ ಮುಂದೆ ಕೆಮ್ಮಿ ನಿಂತಿತು.
ಅರವತ್ತಾರರ ಮಾಡೆಲ್ಲು, ಸೀಟಿಗೆಲ್ಲ ಮೀನಿನ ವಾಸನೆ.
ಜೆರೆಜ್ಗಿ ಮೇಸ್ತ್ರಿ ಪ್ಲಗ್ಗು ಬಿಚ್ಚಿದ:
ಒಲೆಗೋಡೆಯ ಮಸಿ.

"ಕೆಟ್ಟಿಲ್ಲ ಏನೂ" ಅಂದ ಮಾಲೀಕನಿಗೆ,
"ಕಡಲಿನ ಹಸಿವು ಹೊತ್ತುಕೊಂಡೇ
ಮೇಲೆ ಬಂದಿದೆ. ಇಲ್ಲಿ ಗಾಳಿ ತೆಳು,
ಪೆಟ್ರೋಲು ಅಷ್ಟೇ ಕುಡಿದರೆ ಹೇಗೆ?"

ಒಂದು ನಂಬರು ಸಣ್ಣ ಜೆಟ್ಟು ಕೂರಿಸಿ
ಎಂಜಿನ್ನು ಬಿಸಿಯಾಗಲು ಬಿಟ್ಟು
"ಅಬ್ರೆಹೆತ್, ಬಾ" ಅಂದ.
ಅವನ ಬಲಗಿವಿ ಯುದ್ಧದಲ್ಲಿ ಹೋಯಿತು,
ಎಡಗಿವಿ ಈ ಚಳಿಗಾಲ.
ಸ್ಕ್ರೂಡ್ರೈವರ್ ಅವನದು, ಕಿವಿ ನನ್ನದು.

ಕೂದಲೆಳೆಯಷ್ಟು ಬಲಕ್ಕೆ.
ಗುಟುರು ಸಣ್ಣಗಾಯಿತು. ಇನ್ನಷ್ಟು.
ದನಿ ಹಗುರಾಗಿ, ಹಗುರಾಗಿ,
ತಟ್ಟನೆ ಎಡವಿತು,
ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ.
ಕೈ ಎತ್ತಿದೆ. ಅರ್ಧ ಸುತ್ತು ಹಿಂದೆ ತಂದ.

ಸರಿ ಅನ್ನಲು ಬಾಯಿ ತೆರೆದೆ.
ಅವನು ಅಂಗೈಯನ್ನು ಮಡ್‌ಗಾರ್ಡಿನ ಮೇಲಿಟ್ಟು
ಕಣ್ಣು ಮುಚ್ಚಿ ಆಗಲೇ ತಲೆಯಾಡಿಸುತ್ತಿದ್ದ.
ಮತ್ತೆ ನನ್ನನ್ನೇಕೆ ಕರೆದನೋ.

ಊರು ಸುತ್ತಿಸಿ ತಂದು ಪ್ಲಗ್ಗು ಬಿಚ್ಚಿದರೆ
ಒಳಗೆ ಲೆತೆಬ್ರಹಾನ್ ಬಾಣಲೆಯಿಂದ
ಈಗಷ್ಟೇ ಇಳಿಸಿದ ಕಾಫಿಬೀಜದ ಬಣ್ಣ.
ಮೂರನೆಯ ಲೋಟ ಮುಗಿಯುವವರೆಗೆ
ದುಡ್ಡಿನ ಮಾತಿಲ್ಲ.

ಆಮೇಲೆ ಮಾಲೀಕ ಕೇಳಿದ,
"ನಾಳೆ ಮತ್ತೆ ಇಳಿಯಬೇಕಲ್ಲ ನಾನು?"
ಮೇಸ್ತ್ರಿಗೆ ಕೇಳಿಸಲಿಲ್ಲ.
ಅರ್ಧ ಸುತ್ತು ಎಡಕ್ಕೆ ಅಂತ ಬೆರಳಲ್ಲಿ ತೋರಿಸಿ,
ಹಳೆಯ ಹಿತ್ತಾಳೆ ಜೆಟ್ಟನ್ನು ಕಾಗದದಲ್ಲಿ ಮಡಚಿ
ಮೇಲೆ 'ಕಡಲು' ಎಂದು ಬರೆದು
ಅವನ ಜೇಬಿಗೆ ಹಾಕಿದೆ.