ಕಾಲಂ ಹದಿನೇಳು

ಶ್ರೀಮಂಗಲ ದಾಟಿ ಜೀಪು ಒಮ್ಮೆ ಕೆಮ್ಮಿ ನಿಂತಿತು.
ಹೂಮಳೆ ಬಿದ್ದು ಹೋದ ತೋಟ, ಮಿಡಿಗಟ್ಟಿದ ಕಾಫಿ,
ತಗಡಿನ ಬೋರ್ಡು: ಬೇಸಿಗೆ ಶಿಬಿರ,
ಎಂಟು ವರ್ಷದಿಂದ ಹದಿನಾಲ್ಕರವರೆಗೆ.
ನನ್ನ ಕೈಯಲ್ಲಿ ಇಲಾಖೆ ಕೊಟ್ಟ ಟ್ಯಾಬ್,
ಅದರೊಳಗೆ ನಲವತ್ತೆರಡು ಕಾಲಂ.

ಉತ್ತಯ್ಯ ಎಳನೀರು ತರಿಸಿದ. ಬೇಡವೆಂದೆ.
'ಮೇಡಂ, ನಾವೆಲ್ಲ ಹೊಳೆಯಲ್ಲೇ ಬಿದ್ದು ಬೆಳೆದವರು,
ನಮಗ್ಯಾರು ಫಾರಂ ತುಂಬಿದ್ದರು?'
ಬೆಳೆಯದೆ ಹೋದವರು ಈ ಮಾತು ಹೇಳಲು ಬರುವುದಿಲ್ಲ
ಎಂಬುದು ನಾಲಿಗೆಯ ತುದಿಗೆ ಬಂತು.
ನುಂಗಿಕೊಂಡು ಅಡುಗೆಮನೆಗೆ ನಡೆದೆ.

ಕಾಲಂ ಮೂರು: ಕುಡಿಯುವ ನೀರು.
ಸೈನಬಿ ಹಂಡೆಯ ಮುಚ್ಚಳ ಎತ್ತಿ, ಆವಿಗೆ ಮುಖ ಕೊಟ್ಟು
'ಕುದಿಸದ್ದು ನಾನೇ ಕುಡಿಯಲ್ಲ, ಬರ್ಕೊಳ್ಳಿ' ಅಂದಳು.
ಬರೆದುಕೊಂಡೆ.
ಕಾಲಂ ಒಂಬತ್ತು: ಹದಿನೈದು ಮಕ್ಕಳಿಗೆ ಒಂದು ಶೌಚಾಲಯ.
ಅರವತ್ತು ಮಕ್ಕಳು, ಬಾಗಿಲು ನಾಲ್ಕು, ಚಿಲಕ ಮೂರು.
ಚಿಲಕಕ್ಕೆ ಕಾಲಂ ಇಲ್ಲ. ಆದರೆ ನಾಲ್ಕನೆಯದರ ಹೊರಗೆ
ಹುಡುಗಿಯೊಬ್ಬಳು ಒಳಗಿನ ಗೆಳತಿಗಾಗಿ
ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.
ಸಂಜೆಯೊಳಗೆ ಹಾಕಿಸಿ ಅಂದೆ.

ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ
ಹೋದ ವರ್ಷವೇ ಅವಧಿ ತೀರಿದ ಮಾತ್ರೆ,
ಅಂಟು ಬಿಟ್ಟ ಪ್ಲಾಸ್ಟರ್, ಒಂದು ಪೊಟ್ಟಣ ಉಪ್ಪು.
ಇದೇಕೆ?
'ಜಿಗಣೆಗೆ' ಎಂದಿತು ನನ್ನ ಸೊಂಟದ ಹತ್ತಿರದ ಒಂದು ದನಿ,
ಸಾಕ್ಸ್ ಸರಿಸಿ ಗಾಯ ತೋರಿಸಿತು, ಪದಕದ ಹಾಗೆ.
ಡಬ್ಬಿಯಲ್ಲಿ ಕೆಡದೆ ಉಳಿದದ್ದು ಅದೊಂದೇ, ಉಪ್ಪು.

ಕಾಲಂ ಹದಿನೇಳು: ಈಜುವ ಜಾಗದ ಆಳ, ಸೆಂಟಿಮೀಟರಿನಲ್ಲಿ.

ಬೊಳಕ ಬಿದಿರ ಗಳ ತಂದ, ಪಂಚೆ ಮೇಲೆ ಸಿಕ್ಕಿಸಿ ಇಳಿದ.
ಅರವತ್ತೆರಡು. ಎಂಟರ ಮಗುವಿಗೆ ಸೊಂಟದ ತನಕ.
ಒತ್ತಿಯೇ ಬಿಡುವವಳಿದ್ದೆ.
'ಇದು ಬೆಳಗಿನ ಹೊಳೆ' ಅಂದ ಬೊಳಕ, ಗಳ ಎತ್ತದೆ.
'ಸಂಜೆಯದು ಬೇರೆ.
ಬ್ರಹ್ಮಗಿರಿಯ ನೆತ್ತಿಯಲ್ಲಿ ಮಳೆ ಹೊಯ್ದರೆ
ಇಲ್ಲಿ ಬಿಸಿಲೇ ಇರುತ್ತೆ, ಎಲೆ ಅಲ್ಲಾಡಲ್ಲ,
ನೀರು ಮಾತ್ರ ಚಾ ಬಣ್ಣಕ್ಕೆ ತಿರುಗುತ್ತೆ.
ಆಮೇಲೆ ಓಡೋಕೆ ಹೊತ್ತಿರಲ್ಲ.'
ಗಳದ ಮೇಲೆ ಅವನ ಹೆಬ್ಬೆರಳು ಸರಿಯಿತು, ಇನ್ನೂ ಸರಿಯಿತು,
ನನ್ನ ಹಣೆಯ ಮಟ್ಟಕ್ಕೆ ಬಂದು ನಿಂತಿತು.

ಎರಡು ಅಂಕಿ ಹಾಕಿದೆ.
ಟ್ಯಾಬ್ ಕೆಂಪಾಯಿತು: ಒಂದೇ ಸಂಖ್ಯೆಯನ್ನು ನಮೂದಿಸಿ.
ಮತ್ತೆ ಹಾಕಿದೆ.
ಒಂದೇ ಸಂಖ್ಯೆಯನ್ನು ನಮೂದಿಸಿ.
ರಾಜಧಾನಿಯ ಯಾವುದೋ ಮಹಡಿಯಲ್ಲಿ ಈ ಚೌಕ ಎಳೆದವನು
ಕಂಡಿದ್ದು ಈಜುಕೊಳವಿರಬೇಕು, ನೀಲಿ ಟೈಲ್ಸಿನದು,
ಇದ್ದಲ್ಲೇ ಇರುವ ನೀರು.
ಬೈಯಲಾರೆ ಅವನನ್ನು. ಈ ಚೌಕವೂ ಇಲ್ಲದಿದ್ದ ಕಾಲದಲ್ಲಿ
ಇನ್ನೊಂದು ದಂಡೆಯ ಮೇಲೆ ಕೂತು ಬೇರೆ ಫಾರಂ ತುಂಬಿದ್ದೆ:
ಹೆಸರು. ವಯಸ್ಸು, ಹತ್ತು. ಎಡಗಾಲಿನ ಚಪ್ಪಲಿ ಸಿಕ್ಕಿಲ್ಲ.
ಅದರ ಚೌಕಗಳು ಯಾವುದಕ್ಕೂ ತಕರಾರು ಮಾಡಲಿಲ್ಲ.

ಷರಾ, ನಲವತ್ತು ಅಕ್ಷರ ಮೀರದಂತೆ.
ಬೊಳಕನನ್ನೇ ಕೇಳಿದೆ, ನಿನಗೆ ಹೇಗೆ ತಿಳಿಯುತ್ತೆ?
ನಡುಹೊಳೆಯಲ್ಲೊಂದು ಕಲ್ಲು ತೋರಿಸಿದ,
ನೀರಿಗೆ ಬಿದ್ದುಕೊಂಡ ಎಮ್ಮೆಯ ಬೆನ್ನಿನಂಥದು.
'ಅದರ ನೆತ್ತಿ ಒದ್ದೆಯಾದರೆ ನಮ್ಮ ಮಕ್ಕಳು ಇಳಿಯಲ್ಲ.'
ಬೆರಳು ಮಡಿಸಿ ಅಕ್ಷರ ಎಣಿಸಿ ಬರೆದೆ:
ಕಲ್ಲಿನ ನೆತ್ತಿ ಒಣಗಿದ್ದರೆ ಮಾತ್ರ.
ಜಾಗ ಮಿಕ್ಕಿತ್ತು. ಬೊಳಕ ಜೊತೆಗಿರಬೇಕು.

'ಬೊಳಕ ನಮ್ಮ ಸಿಬ್ಬಂದಿಯಲ್ಲ ಮೇಡಂ, ದಿನಗೂಲಿ.'
'ಕಾಲಂ ಹದಿನೆಂಟು, ಜೀವರಕ್ಷಕನ ಹೆಸರು' ಅಂದೆ.
'ಯಾರದು ಬರೆಯಲಿ?'
ಉತ್ತಯ್ಯ ಹೊಳೆ ನೋಡಿದ, ಟ್ಯಾಬ್ ನೋಡಿದ.
ಎಳನೀರು ಬಿಸಿಲಲ್ಲಿ ಬೆಚ್ಚಗಾಗುತ್ತಿತ್ತು.

ರಾತ್ರಿ ಪೊನ್ನಂಪೇಟೆಯ ಕ್ವಾರ್ಟರ್ಸಿನಲ್ಲಿ
ಅನ್ನಕ್ಕೆ ಸಾರು ಕಲಸುತ್ತಿದ್ದಾಗ ದಕ್ಷಿಣಕ್ಕೆ ಗುಡುಗಿತು.
ಮಕ್ಕಳು ಮಲಗಿರುತ್ತವೆ, ಹೊಳೆಗೆ ಯಾರೂ ಇಳಿದಿರುವುದಿಲ್ಲ, ಗೊತ್ತು.
ಆದರೂ ಎಡಗೈಯಲ್ಲಿ ಫೋನ್ ಒತ್ತಿದೆ.
ಎತ್ತಿಕೊಂಡವಳು ಸೈನಬಿ:
'ಚಿಲಕ ಹಾಕಿಸಿದರು ಮೇಡಂ.
ಬೊಳಕ ಟಾರ್ಚ್ ಹಿಡಿದು ದಂಡೆಗೆ ಹೋದ.
ನಾಳೆ ಸ್ನಾನಕ್ಕೆ ದೊಡ್ಡ ಹಂಡೆ ಬೇಕಾಗುತ್ತೆ,
ಈಗಲೇ ತೊಳೆದಿಡು ಅಂತ
ಹೇಳಿಹೋಗಿದ್ದಾನೆ.'