ಎರಡನೇ ಬುಧವಾರ

ಬೈತಖೋಲ ಬಂದರಿನ ಮೀನುಗಾರರ ಸೊಸೈಟಿಯಲ್ಲಿ
ನನ್ನದು ಕಿಟಕಿ ಪಕ್ಕದ ಮೇಜು.
ಎರಡು ಕಿಟಕಿ ಅನ್ನಬೇಕು:
ಒಂದರಲ್ಲಿ ಐಸ್ ಫ್ಯಾಕ್ಟರಿಯ ಗೋಡೆ, ಅದರಾಚೆ ಬೆರಳಗಲ ಸಮುದ್ರ,
ಇನ್ನೊಂದರಲ್ಲಿ ಡೀಸೆಲ್ ಸಬ್ಸಿಡಿಯ ಅರ್ಜಿ.

ಆ ಅರ್ಜಿ ತೆರೆಯುವುದು ಒಂದೇ ಬ್ರೌಸರಿನಲ್ಲಿ,
ಅದೂ ಹಳೆಯದರಲ್ಲಿ.
ಹೊಸದರಲ್ಲಿ ಒತ್ತಿದರೆ ಬಿಳಿ ಹಾಳೆ,
ಇಸ್ತ್ರಿ ಮಾಡಿದ ಲುಂಗಿಯ ಹಾಗೆ. ಒಂದಕ್ಷರ ಇಲ್ಲ.
ಮೇಲಿನ ಕಚೇರಿಗೆ ಫೋನು ಮಾಡಿದೆ.
"ಹಳೆಯದನ್ನೇ ಇಟ್ಟುಕೊಳ್ಳಿ ಮೇಡಂ, ಏನಾಗುತ್ತದೆ?"
ಇಟ್ಟುಕೊಂಡೆ.
ನಲವತ್ತಮೂರು ದೋಣಿಗಳ ಖಾತೆ ಅದರ ಹೊಟ್ಟೆಯಲ್ಲಿ.

ಹುಣ್ಣಿಮೆಗೆ, ಅಮಾಸೆಗೆ ಇಲ್ಲಿ ಉಬ್ಬರ ಏರುತ್ತದೆ.
ಕಂಪ್ಯೂಟರಿಗೂ ಒಂದು ತಿಥಿ ಇದೆ:
ತಿಂಗಳ ಎರಡನೇ ಬುಧವಾರ
ಎಲ್ಲಿಂದಲೋ ತೇಪೆಗಳು ಬರುತ್ತವೆ.
ಯಾವ ತೂತಿಗೆ ಎಂದು ಹೇಳುವುದಿಲ್ಲ,
"ಕೆಲವು ಸುಧಾರಣೆಗಳು", ಅಷ್ಟೇ.
ಮೂಲೆಯಲ್ಲಿ ಒಂದು ಪ್ರಶ್ನೆ: ಈಗಲೋ, ನಂತರವೋ?
ಬಾಗಿಲವರೆಗೆ ಕ್ಯೂ. ಬಂಗಡೆ ಬಿದ್ದ ದಿನ.
ನಾನು ಒತ್ತುವುದು 'ನಂತರ'.

ಸಪ್ಟೆಂಬರಿನ ಒಂದು ಸೋಮವಾರ
ಬುಧೋ ತಾಂಡೇಲರ ಖಾತೆಯಿಂದ
ಹನ್ನೊಂದು ಸಾವಿರದ ಆರುನೂರ ನಲವತ್ತು ಹೋಯಿತು.
ಡೀಸೆಲ್ ದರ ನೋಡಲು ಒಂದು ಪುಟ ತೆರೆದಿದ್ದೆ.
ಏನನ್ನೂ ಒತ್ತಿರಲಿಲ್ಲ, ಬರೀ ನೋಡಿದ್ದೆ.
ನೋಡಿದ್ದೇ ಸಾಕಾಯಿತಂತೆ.

ಚೇರ್ಮನ್ನರು ಕರೆದು ಕೂರಿಸಿದರು, ಚಹಾ ತರಿಸಿದರು.
ಚಹಾ ತರಿಸಿದಾಗಲೇ ನನಗೆ ಗೊತ್ತಾಯಿತು.
"ಪಾಸ್‌ವರ್ಡ್ ಯಾರಿಗಾದರೂ ಹೇಳಿದ್ದೀಯೇನಮ್ಮ? ನೆನಪು ಮಾಡಿಕೋ."
ಗಂಡನಿಗೂ ಹೇಳಿರಲಿಲ್ಲ.
ಒಂದು ಮೀನಿನ ಹೆಸರು, ಅಜ್ಜಿ ತೀರಿಕೊಂಡ ವರ್ಷ,
ಕೊನೆಗೊಂದು ಆಶ್ಚರ್ಯಸೂಚಕ, ಅದು ಕಡ್ಡಾಯ,
ತಿಂಗಳು ತಿಂಗಳೂ ಬದಲಿಸುತ್ತಿದ್ದೆ.
ಚಿಲಕ ನನ್ನದು, ಹಾಕಿದ್ದೆ.
ಗೋಡೆ ಟೊಳ್ಳೆಂದು ಕಟ್ಟಿದವರು ಹೇಳಿರಲಿಲ್ಲ.

ಬುಧವಾರ ಅವರೇ ಹೇಳಿದರು,
"ಒಂದು ದೌರ್ಬಲ್ಯ ನಮ್ಮ ಗಮನಕ್ಕೆ ಬಂದಿದೆ,
ಅದರ ದುರ್ಬಳಕೆ ಆಗಿರುವುದೂ ಬಂದಿದೆ."
ಪ್ರಿಂಟ್ ತೆಗೆದು ಚೇರ್ಮನ್ನರಿಗೆ ಕೊಟ್ಟೆ.
ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಮೇಜಿನ ಕಾಲಿಗೆ ಇಟ್ಟರು.
ಮೇಜು ನಿಂತಿತು.
ಸಂಬಳದಲ್ಲಿ ಐನೂರರಂತೆ ಇಪ್ಪತ್ತನಾಲ್ಕು ಕಂತು,
ಕೊನೆಯದು ನೂರನಲವತ್ತು.

ಬುಧೋ ಬಂದರು. ಸಿಟ್ಟಿರಲಿಲ್ಲ.
"ತೂತು ಎಲ್ಲಿತ್ತು, ತೋರಿಸು."
"ತೋರಿಸಲಿಕ್ಕೆ ಬರುವುದಿಲ್ಲ. ಒಳಗೆ ನೋಡಲು ಬಿಡುವುದಿಲ್ಲ."
"ಯಾರು?"
"ಮಾಡಿದವರು."
"ದುಡ್ಡು ಕೊಟ್ಟು ತಂದದ್ದಲ್ಲವಾ?"
"ಕೊಟ್ಟದ್ದು ಬಳಸಲಿಕ್ಕೆ. ವಸ್ತು ಅವರದೇ."

ಬಹಳ ಹೊತ್ತು ಪರದೆ ನೋಡಿದರು,
ಮಗು ಸತ್ತ ಏಡಿಯನ್ನು ನೋಡುವ ಹಾಗೆ.
ಆಮೇಲೆ ಹೇಳಿದರು:
"ಮಳೆಗಾಲಕ್ಕೆ ದೋಣಿ ಮರಳಿಗೆ ಎಳೆದ ಮೇಲೆ
ರಾತ್ರಿ ಅದರ ಹೊಟ್ಟೆಯಲ್ಲಿ ಕಂದೀಲು ಇಡುತ್ತಿದ್ದ ನಮ್ಮಪ್ಪ.
ಹೊರಗೆ ಕತ್ತಲಲ್ಲಿ ಸುತ್ತು ಬರುತ್ತಿದ್ದೆವು.
ಎಲ್ಲಿ ಬೆಳಕು ಸೋರುತ್ತದೋ ಅಲ್ಲಿ ಬೆರಳು,
ಬೆರಳಿಟ್ಟಲ್ಲಿ ಹತ್ತಿ, ಹತ್ತಿಯ ಮೇಲೆ ರಾಳ.
ನೀನೂ ಒಳಗೊಂದು ದೀಪ ಇಡು ತಂಗಿ."

ಹೇಗೆ ಹೇಳಲಿ?
ದೀಪ ಇಡಲು ನಮಗೆ ಬಾಗಿಲಿಲ್ಲ ಬುಧೋ ಮಾಮಾ.
ಕತ್ತಲಲ್ಲಿ ಸುತ್ತುವವರು ಮಾತ್ರ ಇದ್ದಾರೆ,
ಬೆಳಕು ಮೊದಲು ಕಾಣುವುದು ಅವರಿಗೆ.
ರಾತ್ರಿ ಲೆಕ್ಕ ಹಾಕುತ್ತೇನೆ:
ಹಣ ಹೋದದ್ದು ಸೋಮವಾರ, ತೇಪೆ ಬಂದದ್ದು ಬುಧವಾರ,
ನನ್ನ 'ನಂತರ'ಕ್ಕೆ ಇದರಲ್ಲಿ ಪಾಲಿಲ್ಲ.
ಮತ್ತೆ ಮೊದಲಿನಿಂದ ಹಾಕುತ್ತೇನೆ.

ಇವತ್ತು ಮತ್ತೆ ಎರಡನೇ ಬುಧವಾರ.
ಕ್ಯೂ ಐಸ್ ಫ್ಯಾಕ್ಟರಿ ದಾಟಿದೆ.
'ಈಗ' ಒತ್ತಿದೆ.
ಪರದೆ ನೀಲಿಯಾಯಿತು. ಶೇಕಡಾ ಮೂವತ್ತು.
ಶೇಕಡಾ ಮೂವತ್ತರಲ್ಲೇ ನಿಂತಿತು.
ಹಿಂದಿನಿಂದ ಯಾರೋ ಬೈದರು, ಕೊಂಕಣಿಯಲ್ಲಿ, ನನ್ನ ಅಪ್ಪನನ್ನೂ ಸೇರಿಸಿ.
ಬುಧೋ ತಿರುಗಿ ಕೂಗಿದರು:
"ತಡೀರೋ! ದೋಣಿ ಮೇಲೆಳೆದಿದ್ದಾಳೆ!"
ಕ್ಯೂ ನಕ್ಕಿತು, ಬೀಡಿ ಹಚ್ಚಿತು, ಕುಕ್ಕರಗಾಲಲ್ಲಿ ಕೂತಿತು.

ನೂರಾಯಿತು.
ಯಾವ ತೂತು ಮುಚ್ಚಿತೋ, ಯಾವುದು ಉಳಿಯಿತೋ.
ಪಾಸ್‌ವರ್ಡ್ ಹೊಡೆದೆ, ಆಶ್ಚರ್ಯಸೂಚಕ ಸಮೇತ.
"ಮುಂದಿನವರು ಬನ್ನಿ" ಅಂದೆ.